ಓಡುವವರ ಹಿಂದೆ

ನಮ್ಮ ಮನೆಯಲ್ಲಿ ಓಡಿ ಹೋಗುವವರ ಹಿಂದೆ ಯಾರೂ ಹೋಗುವುದಿಲ್ಲ. ಕರು ಹಗ್ಗ ಹರಿದುಕೊಂಡು ಓಡಲಿ, ಕಳ್ಳ ನೀರಿನ ಮೋಟರು ಹೊತ್ತುಕೊಂಡು ಓಡಲಿ, ಗದ್ದೆಯ ಗಡಿಕಲ್ಲಿನವರೆಗೆ ಹೋಗಿ ನಿಂತು ಕೂಗಬೇಕು, ಅಷ್ಟೆ. ಕೆಲಸಕ್ಕೆ ಕಲ್ಲು ದಾಟಬಹುದು, ಬೆನ್ನು ಹತ್ತಿ ದಾಟುವ ಹಾಗಿಲ್ಲ. ನವಲಿಯಲ್ಲಿ ಬೇರೆ ಯಾರ ಮನೆಗೂ ಇಲ್ಲದ ಶಾಸ್ತ್ರ ಇದು. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಕೇಳಿ ನಕ್ಕಿದ್ದೆ. ಕನಕಗಿರಿಯ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವಳು, ನಗದೆ ಇನ್ನೇನು ಮಾಡಲಿ.

ಕಾರಣ ಹೇಳಿದವರು ನನ್ನ ಮಾವ ಲಕ್ಷ್ಮಣಪ್ಪ. ಸುಲ್ತಾನರೂ ರಾಯರೂ ಈ ಸೀಮೆಗಾಗಿ ಕಾದಾಡುತ್ತಿದ್ದ ಕಾಲದಲ್ಲಿ ನಮ್ಮ ಮನೆತನದವರು ಇಲ್ಲಿ ಹುಡೇವು ಕಾಯುತ್ತಿದ್ದರಂತೆ. ಹುಡೇವು ಎಂದರೆ ಊರ ಕಾವಲಿನ ದುಂಡನೆಯ ಬುರುಜು. ಒಂದು ಸಂಜೆ ಅದರ ಮುಂದೆ ಸವಾರರು ಬಂದು ನಿಂತರು.

"ಗಿಡ್ಡ ಕುದುರಿ, ಗಿಡ್ಡ ಬಿಲ್ಲು," ಎಂದು ಮಾವ ಹೇಳುತ್ತಿದ್ದರು. "ಬಂದ್ರು, ಮಳಿ ಸುರದಂಗ ಬಾಣ ಬಿಟ್ರು, ಆಮ್ಯಾಲ ಹೆದರಿದವರಂಗ ಓಡಿದ್ರು. ಓಡತಾ ಓಡತಾ ನಿಶಾನಿ ಬಾವುಟಾ ಸೈತ ಒಗದು ಹ್ವಾದ್ರು. ನಮ್ಮವರು ಗೆದ್ದಿವಿ ಅಂತ ಬಾಗಲಾ ತಗದು ಬೆನ್ನು ಹತ್ತಿದ್ರು."

ಮುಂದಿನದನ್ನು ಅವರು ದನಿ ತಗ್ಗಿಸಿ ಹೇಳುತ್ತಿದ್ದರು. ಸವಾರರು ಓಡುವ ಕುದುರೆಯ ಮೇಲೇ ಸೊಂಟ ತಿರುಗಿಸಿ ಹಿಂದಕ್ಕೆ ಬಾಣ ಬಿಟ್ಟರು. ಎಡಕ್ಕೂ ಬಲಕ್ಕೂ ಅಡಗಿದ್ದವರು ಎದ್ದು ಹಿಂದಿನ ದಾರಿ ಮುಚ್ಚಿದರು. ತೊಟ್ಟಿಲಲ್ಲಿದ್ದ ಕೂಸೊಂದನ್ನು ಬಿಟ್ಟು ಮನೆಯ ಗಂಡಸರೆಲ್ಲ ಆ ಬಯಲಿನಲ್ಲೇ ಬಿದ್ದರು.

ಅದು ತುರ್ಕಮಾನ್ ಸವಾರರ ಹಳೆಯ ಪಟ್ಟು ಎಂದು ನನಗೆ ಗೊತ್ತಿತ್ತು. ಇರಾನಿನ ಆಚೆಯಿಂದ ಬಂದು ಇಲ್ಲಿಯ ಎರಡೂ ಕಡೆಯವರ ಬಳಿ ಸಂಬಳಕ್ಕೆ ನಿಲ್ಲುತ್ತಿದ್ದ ಜನ. ಎದುರೆದುರು ನಿಂತು ಕತ್ತಿ ಹಿರಿಯುವುದಕ್ಕಿಂತ ಎದುರಾಳಿಯನ್ನು ಅವನ ಕೋಟೆಯಿಂದ, ಅವನ ಸಾಲಿನಿಂದ ಹೊರಗೆಳೆಯುವುದೇ ಅವರ ಯುದ್ಧ. ಒಬ್ಬೊಬ್ಬ ಸವಾರನ ಜೊತೆ ಬದಲಿ ಕುದುರೆಗಳಿರುತ್ತಿದ್ದವು. ಬೆನ್ನು ಹತ್ತಿದವನ ಕುದುರೆ ದಣಿಯುವ ತನಕ ಓಡಿ, ಆಮೇಲೆ ತಿರುಗುತ್ತಿದ್ದರು. ಮಕ್ಕಳಿಗೆ ಇದನ್ನೆಲ್ಲ ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುವ ನಾನು, ಕಲ್ಲಿನಾಚೆ, ಈಗ ಗದ್ದೆಯಾಗಿರುವ ಆ ಬಯಲಿನಲ್ಲಿ ಮುಸ್ಸಂಜೆಗೆ ಗೊರಸಿನ ಸಪ್ಪಳ ಕೇಳುತ್ತದೆ ಎಂದು ಅತ್ತೆ ದುರುಗವ್ವ ಹೇಳಿದಾಗ, "ಭತ್ತ ಕೊಯ್ಯೋ ಮಷೀನು ಇರ್ಬೇಕು ತಗೀರಿ" ಅಂದುಬಿಟ್ಟಿದ್ದೆ.

ಹೋದ ವರ್ಷ ಮಾವನಿಗೆ ಮರೆವಿನ ಕಾಯಿಲೆ ಹತ್ತಿತು. ಮೊದಲು ನಮ್ಮ ಹೆಸರು ಮರೆತರು. ಆಮೇಲೆ ಸಂಜೆಯಾದರೆ ಎದ್ದು ಗದ್ದೆಯ ಕಡೆ ನಡೆಯತೊಡಗಿದರು. ಶಾಸ್ತ್ರ ಕಲಿಸಿದವರೇ ಕಲ್ಲು ದಾಟಿ ಸೀದಾ ಕಾಲುವೆಯ ಕಡೆಗೆ. ಬಾಗಿಲು ಹಾಕಿದರೆ ರಕ್ತ ಬರುವ ತನಕ ಹಣೆ ಬಡಿದುಕೊಳ್ಳುತ್ತಿದ್ದರು. ಹಿಂದೆ ಹೋದರೆ ಹೆದರಿ ಓಡುತ್ತಿದ್ದರು. ನಾನೊಮ್ಮೆ ಬೆನ್ನು ಹತ್ತಿ ಅವರನ್ನು ಕಾಲುವೆಯ ದಂಡೆಗೇ ಅಟ್ಟಿಬಿಟ್ಟಿದ್ದೆ. ಕುರಿ ಮೇಯಿಸುತ್ತಿದ್ದ ರಸೂಲಸಾಬ ರಟ್ಟೆ ಹಿಡಿಯದಿದ್ದರೆ ಅಂದೇ ನೀರುಪಾಲಾಗುತ್ತಿದ್ದರು. ನನ್ನ ಗಂಡ ಕಾಶಿನಾಥ ಕಲ್ಲಿನ ಹತ್ತಿರ ನಿಂತು "ಅಪ್ಪಾ, ಅಪ್ಪಾ" ಎಂದು ಕೂಗುತ್ತಿದ್ದ. ದಾಟುತ್ತಿರಲಿಲ್ಲ. ಬೈದರೆ ಅಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಯಾರ ಹಿಂದ ಹೋಗ್ತಾರ್ರಿ ಮಾವ?" ಎಂದು ಅತ್ತೆಯನ್ನು ಕೇಳಿದೆ.

"ಕೃಷ್ಣನ ಹಿಂದ," ಅಂದರು ಅವರು. ಕೃಷ್ಣ ಮಾವನ ಒಬ್ಬನೇ ತಮ್ಮ. ಹರೆಯದಲ್ಲಿ ಅಣ್ಣನ ಜೊತೆ ಜಗಳವಾಡಿ, ತಲೆಗೆ ಟವೆಲ್ ಸುತ್ತಿಕೊಂಡು, ಗದ್ದೆ ದಾಟಿ ಹೋದವನು ಮತ್ತೆ ಬರಲಿಲ್ಲ. ಬದುಕಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು. "ಇವರು ಕಲ್ಲಿನ ತನಾ ಹೋದ್ರವ್ವಾ. ಅಲ್ಲೇ ನಿಂತ್ರು. ನಮ್ಮ ಮನ್ಯಾಗ ಹಂಗ ಅಲ್ಲೇನು."

ಮದುವೆಯಾದ ವರ್ಷ ನಾನೂ ಚೀಲ ಹಿಡಿದು ಈ ಮನೆಯಿಂದ ಹೊರಟಿದ್ದೆ. ಕಾಶಿನಾಥ ಹಿಂದೆ ಬರಲಿಲ್ಲ. ಕೆಲವು ದಿನಕ್ಕೆ ನಾನೇ ಮುಖ ಗಂಟಿಕ್ಕಿಕೊಂಡು ವಾಪಸು ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಡಿಸೆಂಬರಿನ ಆ ಸಂಜೆ ನಾನು ಶಾಲೆಯಿಂದ ಬಂದು ಸ್ಕೂಟಿ ನಿಲ್ಲಿಸುವಷ್ಟರಲ್ಲಿ ಮಾವ ಕಲ್ಲು ದಾಟಿದ್ದರು. ಭತ್ತ ಕೊಯ್ದು ಗದ್ದೆಯಲ್ಲಿ ಬರೀ ಕೂಳೆ ಉಳಿದಿತ್ತು. ಅದರಾಚೆ ಕಾಲುವೆ ತುಂಬಿ ಹರಿಯುತ್ತಿತ್ತು. ಕಾಶಿನಾಥ ಎಂದಿನಂತೆ ಕೂಗುತ್ತಿದ್ದ. ಹಿಂದೆ ಹೋದರೆ ಓಡುತ್ತಾರೆ, ಹಾಗಾದರೆ ಮುಂದೆ ಹೋಗಬೇಕು ಎಂದು ಆಗ ಹೊಳೆಯಿತು. ಗಂಡನ ಹೆಗಲ ಮೇಲಿನ ಟವೆಲ್ ಕಿತ್ತುಕೊಂಡೆ. ಸ್ಕೂಟಿಯಲ್ಲಿ ಕಾಲುವೆ ರಸ್ತೆ ಸುತ್ತಿ ಹೋಗಿ, ಟವೆಲನ್ನು ತಲೆಗೆ ಸುತ್ತಿ, ಸೀರೆ ಎತ್ತಿ ಕಟ್ಟಿ ದಂಡೆಯಿಂದ ಗದ್ದೆಗೆ ಇಳಿದೆ.

ಅಲ್ಲಿ ಕುದುರೆಯ ಬೆವರಿನ ವಾಸನೆ ಇತ್ತು. ನವಲಿಯ ಗದ್ದೆಗೆ ಕುದುರೆ ಎಲ್ಲಿಂದ ಬರಬೇಕು. ಎರಡೂ ಕಡೆಯ ಬದುವಿನ ಹಿಂದೆ ಬಹಳ ಮಂದಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ ಅನ್ನಿಸಿತು. ಎಲ್ಲೋ ಒಂದು ಕಡಿವಾಣ ಕಿಣಿ ಎಂದಿತು. ಮಾವ ನೆಟ್ಟಗೆ ನನ್ನ ಕಡೆಗೇ ಬರುತ್ತಿದ್ದರು, ಆದರೆ ಅವರ ಕಣ್ಣು ನನ್ನಾಚೆ ನೀರಿನ ಮೇಲಿತ್ತು. ಮುಖ ತೋರಿಸದೆ ಅವರ ಮಗ್ಗುಲಲ್ಲೇ ಹಾದು ನಾನು ಮನೆಯ ಕಡೆ ಓಡಿದೆ.

ಸ್ವಲ್ಪ ಹೊತ್ತು ಹಿಂದಿನಿಂದ ಏನೂ ಕೇಳಲಿಲ್ಲ. ಆಮೇಲೆ ಕೂಳೆ ತುಳಿಯುವ ಸದ್ದು ಬಂತು. ಮೊದಲು ಮುದುಕರ ಬರಿಗಾಲು, ಅದರ ಹಿಂದೆ ಗೊರಸು, ಒಂದೆರಡು ಕುದುರೆಯದಲ್ಲ, ದಂಡಿನದು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಮಾವ ಹಿಂದೆ ಬಿದ್ದರೆ ನಿಧಾನ ಮಾಡಿದೆ, ಹತ್ತಿರ ಬಂದರೆ ಜೋರಾಗಿ ಓಡಿದೆ. ಕಲ್ಲು ದಾಟಿದ ಮೇಲೆ ಗೊರಸಿನ ಸದ್ದು ನಿಂತಿತು. ಮಾವನ ಹೆಜ್ಜೆ ನಿಲ್ಲಲಿಲ್ಲ.

ಅಂಗಳದಲ್ಲಿ ಅವರು ನನ್ನ ಮುಂಗೈ ಹಿಡಿದರು. ಏದುಸಿರು ಬಿಡುತ್ತಿದ್ದರು. ಮುಖದ ತುಂಬ ನಗು. ಅಂಥ ನಗುವನ್ನು ಈ ಮನೆಗೆ ಬಂದ ಮೇಲೆ ನಾನು ಅವರಲ್ಲಿ ಕಂಡಿರಲಿಲ್ಲ.

"ಸಿಕ್ಕಿ ನೋಡು ಕೃಷ್ಣಾ," ಅಂದರು. "ಬಾ, ಉಣ್ಣಾಕ ಬಾ."

ಸುಮ್ಮನೆ ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅತ್ತೆ ಕಾಲಿಗೆ ನೀರು ತಂದು ನಿಂತಿದ್ದರು, ಕಾಶಿನಾಥ ಓಡಿ ಬಂದು ಪಕ್ಕದಲ್ಲೇ ಇದ್ದ. ಆದರೆ ನನ್ನ ಬಾಯಿ ಎಂದು ಸುಮ್ಮನಿದ್ದೀತು. ಮಾವನ ಕಡೆ ತಿರುಗಿದೆ. ಕೃಷ್ಣನ ಮಾತೋ ನನ್ನ ಮಾತೋ, ಬಂದುಬಿಟ್ಟಿತು.

"ನೀ ಬರ್ತಿ ಅಂತ ಸಾವಕಾಶ ನಡದಿದ್ದೆ, ಅಣ್ಣಾ."

ಅವರ ನಗು ಹಾಗೇ ಇತ್ತು, ಕಣ್ಣಿಂದ ನೀರು ಇಳಿಯತೊಡಗಿತು. ಮುಂಗೈಯನ್ನು ಇನ್ನೂ ಬಿಗಿಯಾಗಿ ಹಿಡಿದರು.

"ಗೊತ್ತೈತೋ ತಮ್ಮಾ," ಅಂದರು. "ನೋಡಾಕತ್ತಿದ್ದೆ. ಭಾಳ ಸಾವಕಾಶ ನಡದಿದ್ದಿ."

ನಾನು ಕಾಶಿನಾಥನ ಮುಖ ನೋಡಿದೆ. ಅವನು ತಲೆ ತಗ್ಗಿಸಿದ್ದ.