ಬಾಯಮ್ಮನ ಮೌತ್ ಆರ್ಗನ್

ನಾಲ್ಕು ಮಡಿಕೆಯ ಒಂದು ಬಿಳಿ ಕರವಸ್ತ್ರ ಆ ದಿನಗಳಲ್ಲಿ ಸದಾ ನನ್ನ ಅಂಗಿಯ ಜೇಬಿನಲ್ಲಿರುತ್ತಿತ್ತು. ಬೆವರೊರೆಸುವುದಕ್ಕೆ ಬೇರೆಯದಿತ್ತು, ಇದು ಸೆರಾಫಿನ್ ಬಾಯಮ್ಮನ ಮೌತ್ ಆರ್ಗನ್ ಒರೆಸುವುದಕ್ಕೆ ಮಾತ್ರ. ಎಂಜಲು ಎಂದರೆ ಮಾರು ದೂರ ಹಾರುವ ಅಜ್ಜಿಯ ಕೈಯಲ್ಲಿ ಬೆಳೆದವನು ನಾನು.

ಬಸ್ ಕಂಡಕ್ಟರ್ ಕೆಲಸ. ಮುಂಜಾನೆಯಿಂದ ನಿಂತೇ ಇದ್ದು, ಸೀಟಿ ಊದಿ ಊದಿ, ಸಂಜೆ ಬಾಡಿಗೆ ಕೋಣೆಗೆ ಬರುವಾಗ ಮೈ ಹೆಣಭಾರವಾಗಿರುತ್ತಿತ್ತು. ಪಕ್ಕದ ಮನೆಯ ಜಗಲಿಯಲ್ಲಿ ಬಾಯಮ್ಮ ನುಡಿಸುತ್ತಿದ್ದರು. ಹಡಗಿನಲ್ಲಿ ಅಡುಗೆಯವರಾಗಿದ್ದ ಅವರ ಗಂಡ ದೂರದ ಯಾವುದೋ ಬಂದರಿನಲ್ಲಿ ಕಲಿತು ತಂದ, ಬ್ಲೂಸ್ ಎಂಬ ದುಃಖದ ಹಾಡು ಅದು. ನನಗೆ ಅದರ ತಲೆಬುಡ ಗೊತ್ತಿಲ್ಲದಿದ್ದರೂ ಅದಕ್ಕೆ ನನ್ನ ಕಾಲುನೋವು ಗೊತ್ತಿತ್ತು. ಒಂದು ಸಂಜೆ ನಾಚಿಕೆ ಬಿಟ್ಟು, ಕಲಿಸುತ್ತೀರಾ ಎಂದು ಕೇಳಿಯೇಬಿಟ್ಟೆ.

"ಬಾ, ಕೂತುಕೋ. ನನಗೂ ಈಗ ಉಸಿರು ಸಾಲುವುದಿಲ್ಲ. ಅವರ ಹಾಡು ನನ್ನೊಟ್ಟಿಗೆ ಮಣ್ಣಿಗೆ ಹೋಗಬಾರದು ನೋಡು," ಎಂದರು.

ಬಾಯಿಗಿಟ್ಟ ಕೂಡಲೇ ಸೀಟಿಯ ಅಭ್ಯಾಸ ಮೇಲೆದ್ದು ನಾನು ಊದಿಬಿಡುತ್ತಿದ್ದೆ.

"ಎಂತ ಮಾರಾಯ, ಬಸ್ಸು ಬಿಡುವುದಾ ನೀನು? ಇದರಲ್ಲಿ ಊದುವುದು ಕಡಿಮೆ, ಒಳಗೆ ಎಳೆಯುವುದು ಜಾಸ್ತಿ. ದಣಿದವ ಕೂತು ಉಸಿರು ಎಳೆಯುವುದಿಲ್ಲವಾ, ಹಾಗೆ. ನಾಲ್ಕನೇ ತೂತಿನಲ್ಲಿ ಎಳೆ. ಎಳೆಯುತ್ತಾ ಸ್ವರ ಬಗ್ಗಿಸು, ಸ್ವಲ್ಪ ಕೆಳಗೆ ಜಾರಿಸು."

ಸ್ವರ ಬಗ್ಗಲಿಲ್ಲ. ಮೂರು ತಿಂಗಳು ತುಟಿ ಒಡೆಯಿತು, ತಲೆ ಸುತ್ತಿತು, ಅಷ್ಟೇ. ಅವರು ನುಡಿಸಿ ತೋರಿಸಿ ಕೊಟ್ಟಾಗಲೆಲ್ಲ ನಾನು ಕರವಸ್ತ್ರದಿಂದ ತಿಕ್ಕಿ ಒರೆಸುತ್ತಿದ್ದೆ. ಆಗೆಲ್ಲ ಅವರು ರಸ್ತೆಯ ಕಡೆ ನೋಡುತ್ತಿದ್ದರು.

ಅವರಿಗೆ ಕೆಮ್ಮು ಹೆಚ್ಚಾದ ವಾರ, "ಕೋಣೆಯಲ್ಲೇ ಅಭ್ಯಾಸ ಮಾಡು," ಎಂದು ಮೌತ್ ಆರ್ಗನ್ ನನ್ನ ಕೈಗೆ ಕೊಟ್ಟರು. ಎಷ್ಟು ಒರೆಸಿದರೂ ಮನಸ್ಸು ಒಪ್ಪಲಿಲ್ಲ. ಬಿಸಿನೀರಿನಲ್ಲಿ ಮುಳುಗಿಸಿ, ಸೋಪು ಹಾಕಿ, ಉಜ್ಜಿ ತೊಳೆದೆ. ತಗಡಿನ ಒಳಗಿರುವುದು ಮರವೆಂದು ನನಗೇನು ಗೊತ್ತು! ಬೆಳಗಾಗುವಷ್ಟರಲ್ಲಿ ಮರ ಉಬ್ಬಿ ಹೊರಚಾಚಿತ್ತು. ಎಳೆದರೆ ಬರಿಯ ಗಾಳಿ.

ತಲೆ ತಗ್ಗಿಸಿಕೊಂಡು ತಂದುಕೊಟ್ಟೆ. ಬಾಯಮ್ಮ ಮೂಸಿ ನೋಡಿದರು.

"ಸೋಪಿನ ವಾಸನೆ."

"ತಪ್ಪಾಯಿತು ಬಾಯಮ್ಮ. ಎಂಜಲು ಅಂತ..."

"ಅವರು ಹೋಗಿ ಹದಿನೆಂಟು ವರ್ಷ. ಒಂದು ದಿನವೂ ನಾನು ಇದನ್ನು ತೊಳೆಯಲಿಲ್ಲ," ಎಂದರು ಮೆಲ್ಲಗೆ. "ಅವರು ಬಾಯಿ ಇಟ್ಟ ಜಾಗ ಇದು."

ಭೂಮಿ ಬಾಯಿಬಿಡಬಾರದೇ ಎನಿಸಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಾಯಮ್ಮ ಬೈಯಲಿಲ್ಲ, ಎದ್ದು ಹೋಗಿ ಒಂದು ಬ್ಲೇಡು ತಂದರು.

"ಚೆನ್ನಾಗಿ ಒಣಗಲಿ. ಆಮೇಲೆ ಉಬ್ಬಿದ್ದನ್ನು ಕೆರೆ. ಸ್ವಲ್ಪ ಸ್ವಲ್ಪವೇ."

ಒಂಬತ್ತು ಸಂಜೆ ಅವರ ಜಗಲಿಯಲ್ಲಿ ಕೂತು ಕೆರೆದೆ. ಅವರು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಹತ್ತನೆಯ ಸಂಜೆ ಅದನ್ನು ಇಸಿದುಕೊಂಡು ನಾಲ್ಕನೆಯ ತೂತಿನಲ್ಲಿ ಒಮ್ಮೆ ಎಳೆದರು. ಸ್ವರ ಹುಟ್ಟಿತು, ಬಗ್ಗಿತು, ಕೆಮ್ಮಿನಲ್ಲಿ ಕಡಿದುಹೋಯಿತು. ಮೌತ್ ಆರ್ಗನ್ ನನ್ನತ್ತ ಚಾಚಿ, ಎಂದಿನಂತೆ ರಸ್ತೆಯ ಕಡೆ ಮುಖ ತಿರುಗಿಸಿದರು. ನಾನು ಒರೆಸುವುದನ್ನು ನೋಡಲಾರದೆ ಅವರು ಹಾಗೆ ಮಾಡುತ್ತಿದ್ದರೆಂದು ನನಗೆ ಆಗಷ್ಟೇ ಹೊಳೆಯಿತು.

ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿತ್ತು. ಬರಿಗೈಯನ್ನೇ ಹಿಂದಕ್ಕೆಳೆದೆ. ಒದ್ದೆಯಾಗಿದ್ದುದನ್ನು ಹಾಗೆಯೇ ತುಟಿಗಿಟ್ಟೆ. ದಿನದ ದಣಿವೆಲ್ಲ ಸೇರಿ ಉಸಿರು ತಾನಾಗಿ ಒಳಗೆ ಹೋಯಿತು, ಸ್ವರ ಬಗ್ಗಿತು. ಅಲ್ಲಲ್ಲಿ ತಪ್ಪುತ್ತಲೇ ಹಾಡನ್ನು ಕೊನೆ ಮುಟ್ಟಿಸಿದೆ.

ಬಾಯಮ್ಮ ತಿರುಗಲಿಲ್ಲ.

"ಅವರೂ ಅಲ್ಲೇ ತಪ್ಪುತ್ತಿದ್ದರು," ಎಂದರು.

ಅವರ ಭುಜ ಅಲುಗುತ್ತಿತ್ತು. ಕರವಸ್ತ್ರ ತೆಗೆದು ಅವರ ಕೈಗಿಟ್ಟೆ. ಮರುದಿನ ಕೆಲಸಕ್ಕೆ ಹೊರಟಾಗ ಅದು ಅವರ ಜಗಲಿಯ ಹಗ್ಗದ ಮೇಲೆ ಒಣಗುತ್ತಿತ್ತು. ನಾನು ಮರಳಿ ಕೇಳಲಿಲ್ಲ.