ಬೆಟಗೇರಿಯ ಗ್ರಾಫಿಕ್ಸ್ ಕಾರ್ಡು

ನಾನು ಒಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಅಡ್ಡಲಾಗಿ ಕೂತು ಪರದೆಯ ಮೇಲೆ ಚಿತ್ರ ಮೂಡಿಸುವುದು ನನ್ನ ಕಸುಬು. ಕಡಲಾಚೆಯ ಕಾರ್ಖಾನೆಯೊಂದರಲ್ಲಿ, ಧೂಳೆಂಬುದೇ ಇಲ್ಲದ ತಣ್ಣನೆಯ ಕೋಣೆಯಲ್ಲಿ ಹುಟ್ಟಿದೆ. ಹುಬ್ಬಳ್ಳಿಯ ಗೇಮ್ ಸೆಂಟರಿನಲ್ಲಿ ಕೆಲಕಾಲ ಕಾರು ಓಡಿಸಿದೆ, ಬಂದೂಕು ಹಾರಿಸಿದೆ. ಆ ಅಂಗಡಿ ಮುಚ್ಚಿದಾಗ ನೀಲಗಂಗಾ ನನ್ನನ್ನು ಬೆಟಗೇರಿಗೆ ತಂದಳು.

ನೀಲಗಂಗಾ ಮದುವೆಗಳ ವಿಡಿಯೋ ತೆಗೆಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಸ್ಟುಡಿಯೋ. ಅವಳ ತಮ್ಮ ಶಿವಯೋಗಿ ಗಾಲಿಕುರ್ಚಿಯಲ್ಲಿ ಕೂತು ಆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದ. ಅವನ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತ ಬಂದಿದ್ದವು. ಕಾಲುಗಳು ಮೊದಲೇ ಕೈಕೊಟ್ಟಿದ್ದವು. ಈಗ ಬೆರಳುಗಳೂ ಮಾತು ಕೇಳಲು ತಕರಾರು ಮಾಡುತ್ತಿದ್ದವು.

ಒಂದು ದಿನ ಶಿವಯೋಗಿ ನಮಗೆ ಹೊಸ ಕೆಲಸ ಹಚ್ಚಿದ. ಎಲ್ಲೋ ಕೂತ ವಿಜ್ಞಾನಿಗಳು ಔಷಧಿ ಹುಡುಕುವ ದೊಡ್ಡ ಲೆಕ್ಕವೊಂದನ್ನು ತುಂಡು ತುಂಡು ಮಾಡಿ, ತಮ್ಮ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ಪುಕ್ಕಟೆ ಕೊಡಲೊಪ್ಪಿದವರ ಮನೆಗಳಿಗೆ ಕಳಿಸುತ್ತಿದ್ದರು. ಕೆಲವು ತುಂಡು ಪೆಟ್ಟಿಗೆಯ ಯಜಮಾನ ಪ್ರೊಸೆಸರಿಗೆ, ಕೆಲವು ನನಗೆ.

ಮೊದಮೊದಲು ಅದು ಹದಕ್ಕೆ ಬರಲಿಲ್ಲ. ಶಿವಯೋಗಿ ಹುರುಪಿನಲ್ಲಿ ಪ್ರೊಸೆಸರಿನ ಅಷ್ಟೂ ಕೋರುಗಳನ್ನು, ಅಂದರೆ ಅದರ ದುಡಿಯುವ ಕೈಗಳನ್ನು, ಅದರ ಲೆಕ್ಕಕ್ಕೇ ತೊಡಗಿಸಿಬಿಟ್ಟ. ನನ್ನ ಪಾಲಿನ ಅಂಕಿಗಳನ್ನು ಎತ್ತಿ ಕೊಡಲು ಅದಕ್ಕೆ ಪುರಸೊತ್ತೇ ಇಲ್ಲ. ಹಿಟ್ಟು ನಾದಿ ಕೊಡುವವರಿಲ್ಲದೆ ರೊಟ್ಟಿ ಬಡಿಯುವವಳು ಸುಮ್ಮನೆ ಕೂತಂತೆ ನಾನು ಕೂತೆ. ಇತ್ತ ನೀಲಗಂಗಾಳ ವಿಡಿಯೋ ಮುಗ್ಗರಿಸತೊಡಗಿತು.

"ತಗದು ಒಗಿ ಅದನ್ನ," ಎಂದಳು. "ಇದರಿಂದ ನಿನ್ನ ಕಾಲು ನೆಟ್ಟಗಾಗ್ತಾವೇನು?"

"ಇದು ನನ್ನ ಬ್ಯಾನಿದಲ್ಲಕ್ಕಾ. ಅವ್ವನದು. ಕ್ಷಯದ್ದು."

ಅವರ ತಾಯಿ ಮಗ್ಗದ ಮುಂದೆ ಕೂತೇ ಕೆಮ್ಮಿ ಕೆಮ್ಮಿ ತೀರಿಹೋಗಿದ್ದಳು. ಕೊಟ್ಟ ಗುಳಿಗೆ ಯಾವುದೂ ನಾಟಿರಲಿಲ್ಲ. ನೀಲಗಂಗಾ ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ, ಆದರೆ ಮುಖದ ಬಿಗಿ ಸಡಿಲಲಿಲ್ಲ.

ಶಿವಯೋಗಿ ಪಟ್ಟು ಬಿಡದೆ ಓದಿ, ತಿದ್ದಿ, ಕೊನೆಗೆ ಒಂದು ಕೋರನ್ನು ನನ್ನ ಚಾಕರಿಗೆಂದೇ ಬಿಟ್ಟುಕೊಟ್ಟ. ಅಕ್ಕ ವಿಡಿಯೋ ತೆರೆದರೆ ಲೆಕ್ಕ ತಾನಾಗಿ ನಿಲ್ಲುವಂತೆಯೂ ಮಾಡಿದ. ಪ್ರೊಸೆಸರಿನ ಪಾಲು ಕೊಂಚ ಇಳಿಯಿತು, ನನ್ನದು ಎಷ್ಟೋ ಪಟ್ಟು ಏರಿತು. ಮನೆಯಲ್ಲಿ ಶಾಂತಿ ನೆಲೆಸಿದಂತಿತ್ತು.

ಆಮೇಲೆ ಆ ಬೇಸಿಗೆಯ ಮಧ್ಯಾಹ್ನ ಬಂತು. ನೀಲಗಂಗಾ ಲಕ್ಕುಂಡಿಯ ಮದುವೆಗೆ ಹೋಗಿದ್ದಳು. ನನ್ನ ಕೈಯಲ್ಲಿ ಬಹಳ ದೊಡ್ಡದೊಂದು ತುಂಡಿತ್ತು. ಸಂಜೆಯೊಳಗೆ ಕಳಿಸದಿದ್ದರೆ ಅದು ಬೇರೊಬ್ಬರ ಪಾಲಾಗುತ್ತಿತ್ತು, ನಮ್ಮ ದುಡಿಮೆಯೆಲ್ಲ ವ್ಯರ್ಥ. ಮುಗಿಯುವ ಹಂತದಲ್ಲಿದ್ದಾಗ ನನ್ನ ಫ್ಯಾನು ಕಟಕ್ಕೆಂದು ನಿಂತಿತು.

ನನ್ನ ಮೈ ಕಾಯತೊಡಗಿತು. ಉಳಿದುಕೊಳ್ಳಲು ನಾನೇ ವೇಗ ತಗ್ಗಿಸಿದೆ. ಆದರೆ ಪಕ್ಕದಲ್ಲಿ ಪ್ರೊಸೆಸರು ಮೈಮುರಿದು ದುಡಿಯುತ್ತಿತ್ತು, ಪೆಟ್ಟಿಗೆ ಒಲೆಯಾಗಿತ್ತು. ನನಗೆ ತಾಗಿಕೊಂಡಿದ್ದ ತಂತಿಯೊಂದರ ಹೊದಿಕೆ ಕರಗಿ ವಾಸನೆ ಎದ್ದಿತು.

ಶಿವಯೋಗಿ ಮೂಗು ಅರಳಿಸಿದ. ಗಾಬರಿಯಲ್ಲಿ ಕುರ್ಚಿ ಮುಂದೆ ನೂಕಿದ. ಗಾಲಿಗೆ ವೈರು ಸಿಕ್ಕಿಕೊಂಡಿತು, ಮೌಸು ಕೆಳಗೆ ಬಿದ್ದು ತೂಗಾಡಿತು. ಗೋಡೆಯ ಸ್ವಿಚ್ಚು ಅವನಿಗೆ ಎಟುಕುವಂತಿರಲಿಲ್ಲ. ಮೊಬೈಲು ಆಚೆ ಮೇಜಿನ ಮೇಲಿತ್ತು. "ಯಾರದೀರಿ ಹೊರಗ?" ಎಂದು ಕೂಗಿದ. ಅವನ ದನಿ ಬಾಗಿಲ ತನಕವೂ ಹೋಗಲಿಲ್ಲ. ಹೊಗೆಯ ಎಳೆಯೊಂದು ಪೆಟ್ಟಿಗೆಯ ಗಾಜಿನ ಬದಿಯಿಂದ ಮೇಲೆದ್ದಿತು.

ಅವನು ಮೊಣಕೈ ಊರಿ, ಕೀಬೋರ್ಡನ್ನು ಮುಂಗೈಯಿಂದ ಇಷ್ಟಿಷ್ಟೇ ಎಳೆದುಕೊಂಡ. ಒಂದು ಬೆರಳು ಜಾರಿತು. ಮತ್ತೆ ಇಟ್ಟ. ಪರದೆಯ ಮೇಲೆ ಲೆಕ್ಕದ ಪಟ್ಟಿ ಕೊನೆ ಮುಟ್ಟುವುದರಲ್ಲಿತ್ತು. ಕಾಯ್ದರೆ ಮುಗಿದೀತೇ ಎಂದು ಅವನು ಅದನ್ನೇ ನೋಡಿದ್ದು ನನಗೆ ಕಂಡಿತು. ಕೆಮ್ಮು ಬಂತು. ಆಗ ಹಣೆಯನ್ನೇ ಕೀಲಿಗಳಿಗೆ ತಾಗಿಸುವಷ್ಟು ಬಾಗಿ, ಕೀಲಿ ಒತ್ತಿ, ಆದಷ್ಟು ಲೆಕ್ಕ ಉಳಿಸಿ ನನ್ನನ್ನೂ ಪ್ರೊಸೆಸರನ್ನೂ ನಿಲ್ಲಿಸಿ, ಪೆಟ್ಟಿಗೆ ಆರಿಸಿಬಿಟ್ಟ.

ಬಿಸಿಲು ಇಳಿಯುವ ಮುನ್ನ ನೀಲಗಂಗಾ ಬಂದಳು. ಬಾಗಿಲಲ್ಲೇ ವಾಸನೆ ಹಿಡಿದು ಒಳಗೆ ನುಗ್ಗಿದಳು. ಮೊದಲು ತಮ್ಮನ ಮುಖ ಮುಟ್ಟಿ ನೋಡಿದಳು, ಆಮೇಲೆ ಪೆಟ್ಟಿಗೆ ಬಿಚ್ಚಿದಳು. ನನ್ನ ಫ್ಯಾನಿನ ಸಂದಿಯಲ್ಲಿ ಅಕ್ಷತೆಯ ಕಾಳೊಂದು ಸಿಕ್ಕಿಬಿದ್ದಿತ್ತು. ಯಾವ ಮದುವೆಯದೋ, ಅವಳ ಸೀರೆಯಿಂದಲೋ ಕ್ಯಾಮೆರಾ ಚೀಲದಿಂದಲೋ ಉದುರಿದ್ದು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಅವಳು ನೆಲದ ಮೇಲೆ ಕೂತಳು.

"ಏನಾರ ಆಗಿದ್ರ ಏನ್ ಮಾಡಲಿ ನಾನು?"

"ಆಗಿಲ್ಲಲ್ಲಕ್ಕಾ. ಲೆಕ್ಕ ಒಂದ್ ಮುಗೀಲಿಲ್ಲ."

"ಎಷ್ಟು ಉಳದದ?"

"ಸ್ವಲ್ಪ. ಆದ್ರ ಗಿರಾಕಿಗೆ ಮದುವಿ ವಿಡಿಯೋ ಇವತ್ತ ಕಳಸಬೇಕಲ್ಲ."

ನೀಲಗಂಗಾ ಎದ್ದಳು. ಕರಗಿದ ವೈರು ಕಿತ್ತು ಬೇರೆಯದು ಹಾಕಿದಳು. ಕಾಳು ತೆಗೆದರೂ ನನ್ನ ಫ್ಯಾನನ್ನು ನಂಬದೆ, ಅಡುಗೆಮನೆಯ ಟೇಬಲ್ ಫ್ಯಾನು ತಂದು ತೆರೆದ ಪೆಟ್ಟಿಗೆಗೆ ಹಿಡಿದಳು. "ಮದುವಿ ಮಂದಿಗೆ ನಾ ಹೇಳ್ತೀನಿ. ಇದನ್ನ ನಡಸು. ಹೆಂಗ ನಡಸಬೇಕು ಹೇಳು, ಕೈ ನಂದು."

ಶಿವಯೋಗಿ ಹೇಳಿದ. ಪ್ರೊಸೆಸರಿನ ಸ್ವಂತ ಲೆಕ್ಕವೆಲ್ಲ ನಿಂತಿತು. ನನಗೆ ಉಣಿಸುವುದಷ್ಟೇ ಅದಕ್ಕೆ ಕೆಲಸವಾಯಿತು. ನಾನು ಎಚ್ಚರದಿಂದ ಹೆಜ್ಜೆ ಇಟ್ಟೆ. ಇಬ್ಬರೂ ಪರದೆಯಿಂದ ಕಣ್ಣು ಕೀಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತುಂಡು ಮುಗಿದು, ಗಡುವಿನೊಳಗೆ ಹೋಗಿ ಮುಟ್ಟಿತು. ನೀಲಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಇಡಲು ಎದ್ದಳು.

ಆ ಸುಡುವ ಮಧ್ಯಾಹ್ನ ನನ್ನೊಳಗೆ ಎಲ್ಲೋ ಬಿರುಕು ಬಿಟ್ಟಿತ್ತು. ಕೆಲವು ಮಳೆಗಾಲ ಕಳೆದ ಮೇಲೆ ಪರದೆಯಲ್ಲಿ ಗೆರೆಗಳು ಮೂಡತೊಡಗಿದವು. ನೀಲಗಂಗಾ ನನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ರಿಪೇರಿ ಅಂಗಡಿಗೆ ಬಂದಳು.

"ಇದರ ಕತಿ ಮುಗೀತ್ರೀ," ಎಂದ ಅಂಗಡಿಯವನು. ಹೊಸದೊಂದನ್ನು ತೆಗೆದಿಟ್ಟ. "ಮದುವಿ ವಿಡಿಯೋಕ್ಕ ಇದು ಭಾಳ ಚಲೋ."

"ಅದು ಹೆಂಗರ ಆಗ್ತದ," ಎಂದಳು ನೀಲಗಂಗಾ. "ರೋಗದ ಲೆಕ್ಕಕ್ಕ ಆಗ್ತದೇನು, ಅದನ್ನ ಹೇಳ್ರಿ."

ಅವನಿಗೆ ಅರ್ಥವಾಗಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕೂತು, ತಮ್ಮ ಹೇಳಿಕೊಟ್ಟದ್ದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದಳು. ಆಗುತ್ತದೆಂದು ಖಾತ್ರಿಯಾದ ಮೇಲೆ ಹೊಸದನ್ನು ಕೊಂಡು, ನನ್ನನ್ನು ಅಲ್ಲೇ ಬಿಟ್ಟು ಹೋದಳು.

ಈಗ ನಾನು ಆ ಅಂಗಡಿಯ ಖಾನೆಯೊಂದರಲ್ಲಿ, ಕೆಟ್ಟುಹೋದ ನನ್ನಂಥವರ ನಡುವೆ ಮಲಗಿದ್ದೇನೆ. ಕ್ಷಯಕ್ಕೆ ಔಷಧಿ ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು. ಬೆಟಗೇರಿಯ ಆ ಕೋಣೆಯಲ್ಲಿ ಮಾತ್ರ, ವಿಡಿಯೋ ಕೆಲಸವಿಲ್ಲದ ಹೊತ್ತು, ಲೆಕ್ಕ ನಡೆದೇ ಇದೆ.