ಹುಣ್ಣಿಮೆಯ ಇಳಿತ

ಕುಂದಾಪುರದ ಹಳೆಯ ಹಂಚಿನ ಕಟ್ಟಡವೊಂದರ ಮಾಳಿಗೆಯಲ್ಲಿರುವ ವಾಚನ ಮಂದಿರದಲ್ಲಿ ಪ್ರತಿ ತಿಂಗಳ ಎರಡನೆಯ ಶನಿವಾರ, ಸಂಜೆ ನಾಲ್ಕಕ್ಕೆ, ಪತ್ತೇದಾರಿ ಗೋಷ್ಠಿ ನಡೆಯುತ್ತದೆ. ಅದಕ್ಕೊಂದು ಕಟ್ಟಳೆಯಿದೆ. ಲೇಖಕರು ಕಾದಂಬರಿಯ ಮುಖ್ಯ ಭಾಗಗಳನ್ನು ಓದಿ, ಉಳಿದುದನ್ನು ಬಾಯಲ್ಲಿ ಹೇಳಿ, ಕೊನೆಯ ಅಧ್ಯಾಯದ ಹೊಸ್ತಿಲಲ್ಲಿ ನಿಲ್ಲಿಸಬೇಕು. ಕೇಳಿದವರು ಕೊಲೆಗಾರನ ಹೆಸರನ್ನು ಚೀಟಿಯಲ್ಲಿ ಬರೆದು ತಾಮ್ರದ ತಂಬಿಗೆಗೆ ಹಾಕಬೇಕು. ಚೀಟಿಗಳನ್ನೆಲ್ಲ ಬಿಡಿಸಿ ಓದಿದ ಮೇಲೆಯೇ ಕೊನೆಯ ಅಧ್ಯಾಯ.

ಆ ಶನಿವಾರ ವೇದಿಕೆಯಲ್ಲಿದ್ದವರು ಮಂಜಯ್ಯ ಉಪಾಧ್ಯರು. ಸಿದ್ದಾಪುರದ ಕಡೆಯವರು, ಮೂವತ್ತನಾಲ್ಕು ವರ್ಷ ಸಂಸ್ಕೃತ ಕಲಿಸಿ ನಿವೃತ್ತರಾದವರು. ನ್ಯಾಯಶಾಸ್ತ್ರವನ್ನು ಗುರುಮುಖದಿಂದ ಓದಿದ್ದರು. ಹೊಗೆಯಿಂದ ಬೆಂಕಿಯನ್ನು ಊಹಿಸಲು ಕಲಿಸುವ ಆ ಶಾಸ್ತ್ರಕ್ಕೂ ಹೆಜ್ಜೆಗುರುತಿನಿಂದ ಹಂತಕನನ್ನು ಊಹಿಸುವ ಕಥೆಗೂ ನಡುವೆ ಗೋಡೆಯೇನಿಲ್ಲವೆಂಬುದು ಅವರ ನಿಲುವು. ಆ ನಿಲುವಿನ ಮೇಲೆ ನಾಲ್ಕು ವರ್ಷ ಕುಳಿತು ಬರೆದ ಮೊದಲ ಕಾದಂಬರಿಯಿದು. ಮುಖಪುಟ ಆಗಲೇ ಅಚ್ಚಾಗಿತ್ತು. ಬ್ರಹ್ಮಾವರದಲ್ಲಿ ಬಿಡುಗಡೆಯ ದಿನ ನಿಗದಿಯಾಗಿ ಆಮಂತ್ರಣವೂ ಹಂಚಿಹೋಗಿತ್ತು. ಸೋಮವಾರ ಒಳಪುಟಗಳು ಅಚ್ಚಿಗೆ ಹೋಗಬೇಕಿತ್ತು.

ದೀಪ ಬೆಳಗಿಸಿ, ಗಣಪತಿಗೂ ಶಾರದೆಗೂ ಕೈಮುಗಿದು, ಉಪಾಧ್ಯರು ಸಭೆಗೆ ಒಂದು ಮಾತು ಕೊಟ್ಟರು. ತಮ್ಮ ತರ್ಕದಲ್ಲಿ ಯಾರಾದರೂ ಒಂದು ದೋಷ ತೋರಿಸಿದರೆ ಪುಸ್ತಕವು ಸೋಮವಾರ ಅಚ್ಚಿಗೆ ಹೋಗುವುದಿಲ್ಲ ಎಂದು. ಮಂದಿರವನ್ನೂ ಅದರ ಪುಟ್ಟ ಪ್ರಕಾಶನವನ್ನೂ ನಡೆಸುವ ಚೇತನಾ ಮುಂದಿನ ಸಾಲಿನಲ್ಲಿ ಕುಳಿತು ನಕ್ಕಳು. ನಗು ಬೇಗನೆ ನಿಂತಿತು.

ಕಥೆ ಹೀಗಿತ್ತು. ಹೊಳೆಯ ನಡುವಿನ ಒಂದು ಕುದ್ರು, ಎಂದರೆ ನೀರು ಸುತ್ತುವರಿದ ತೆಂಗಿನ ತೋಟ. ಅಲ್ಲಿ ಒಂಟಿಯಾಗಿ ವಾಸಿಸುವ ವ್ಯಾಪಾರಿ ದುಗ್ಗಪ್ಪ ಹುಣ್ಣಿಮೆಯ ಸಂಜೆ ಕೊಲೆಯಾಗುತ್ತಾನೆ. ಅವನನ್ನು ದ್ವೇಷಿಸುವವರು ಇಬ್ಬರು: ಸೋದರಳಿಯ ರತನ್, ದೋಣಿ ನಡೆಸುವ ಸೂರ. ರತನನಿಗೆ ಈಜೂ ಬಾರದು, ಹುಟ್ಟು ಹಾಕಲೂ ಬಾರದು. ಚಂದ್ರೋದಯದ ಆ ಹೊತ್ತಿನಲ್ಲಿ ಹೊಳೆ ಉಕ್ಕಿ ದಡ ಮುಟ್ಟಿತ್ತು. ಆದುದರಿಂದ ದೋಣಿಯಿಲ್ಲದೆ ಯಾರೂ ಕುದ್ರನ್ನು ಬಿಟ್ಟು ಬರುವಂತಿರಲಿಲ್ಲ. ಪೊಲೀಸರು ಸೂರನ ದೋಣಿಯನ್ನು ಜಪ್ತಿ ಮಾಡಿ, ಅವನನ್ನು ಕರೆದೊಯ್ಯುವಲ್ಲಿಗೆ ಉಪಾಧ್ಯರು ಹಸ್ತಪ್ರತಿಯನ್ನು ಮುಚ್ಚಿದರು. ಉಕ್ಕಿದ ಹೊಳೆಯ ವರ್ಣನೆಯನ್ನು ಓದುವಾಗ ಅವರ ಧ್ವನಿ ತುಂಬಿ ಬಂದಿತ್ತು; ಸಭೆ ಚಪ್ಪಾಳೆ ತಟ್ಟಿತ್ತು.

ಚೇತನಾ ಚೀಟಿಗಳನ್ನು ಬಿಡಿಸಿದಳು. ನಲವತ್ತಮೂರು ಚೀಟಿ. ಬಹುಪಾಲು ಸೂರನ ಹೆಸರೇ. ಯಾರೋ ತಮಾಷೆಗೆ ಪೊಲೀಸರ ಹೆಸರನ್ನೇ ಬರೆದಿದ್ದರು. ಕೊನೆಯ ಚೀಟಿಯಲ್ಲಿ ಕೊಲೆಗಾರನ ಹೆಸರಿರಲಿಲ್ಲ. ‘ಸೂರ ಅಲ್ಲ’ ಎಂದಷ್ಟೇ ಇತ್ತು.

ಬರೆದವಳು ಬಾಗಿಲ ಬಳಿಯ ಬೆಂಚಿನಿಂದ ಎದ್ದು ನಿಂತಳು. ಹಂಗಾರಕಟ್ಟೆಯ ಜಲಜ. ಪೇಟೆಯಲ್ಲಿ ಮೀನು ಮಾರಿ, ಕೈಕಾಲು ತೊಳೆದು, ಖಾಲಿ ಬುಟ್ಟಿಯನ್ನು ಮೆಟ್ಟಿಲ ಕೆಳಗಿಟ್ಟು, ಎರಡು ವರ್ಷಗಳಿಂದ ಒಂದು ಗೋಷ್ಠಿಯನ್ನೂ ತಪ್ಪಿಸದವಳು. ಮಂದಿರದ ಪತ್ತೇದಾರಿ ಕಪಾಟನ್ನು ಅವಳಷ್ಟು ಓದಿದವರಿಲ್ಲವೆಂದು ಚೇತನಾಳೇ ಹೇಳುತ್ತಿದ್ದಳು.

“ಮಾಷ್ಟ್ರೇ, ಹುಣ್ಮಿ ದಿನ ಬೈಸಾರಿ, ಚಂದ್ರ ಬಪ್ಪತ್ತಿಗೆ, ಹೊಳೀಲಿ ನೀರ್ ಎಲ್ಲಿತ್ತ್? ಆ ಹೊತ್ತಿಗೆ ದೋಣಿ ಕೆಸ್ರಲ್ ಕೂತಿರತ್ತ್. ನಾವ್ ಚಿಪ್ಪ್ ಹೆಕ್ಕುಕ್ ಹೋಪುದೇ ಆಗ.”

ಸಭೆ ತಿರುಗಿ ನೋಡಿತು. ಉಪಾಧ್ಯರು ಕಿಂಚಿತ್ತೂ ವಿಚಲಿತರಾಗದೆ, ಚಂದ್ರನು ಮೂಡಿದಾಗ ಸಮುದ್ರವು ಉಕ್ಕುತ್ತದೆಂಬುದು ಪೂರ್ವದ ಕವಿಗಳೆಲ್ಲರೂ ಒಪ್ಪಿದ ಸಂಗತಿಯೆಂದು ತಿಳಿಸಿ, ಹುಣ್ಣಿಮೆಯಂದು ಭರತ, ಎಂದರೆ ಉಬ್ಬರ, ಹೆಚ್ಚೆಂಬುದನ್ನು ಅವಳೂ ಬಲ್ಲಳಲ್ಲವೇ ಎಂದು ಕೇಳಿದರು.

“ಹೆಚ್ಚೇ. ಆರೆ ಅದ್ ಬಪ್ಪುದ್ ಮಧ್ಯಾಹ್ನದ್ ಊಟದ್ ಹೊತ್ತಿಗೆ, ಮತ್ತೆ ಮಧ್ಯರಾತ್ರಿಗೆ. ಚಂದ್ರ ಬಪ್ಪತ್ತಿಗೆ ಪೂರಾ ಇಳ್ದಿರತ್ತ್.” ಜಲಜ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಆ ಅಳಿಯ ಪ್ಯಾಂಟ್ ಮಡ್ಚ್ಕಂಡ್ ನಡ್ಕಂಡೇ ಬಂದಿರ್ತ, ಮಾಷ್ಟ್ರೇ. ಬರೀ ಮೊಣಕಾಲ್ ನೀರ್. ನನ್ನ್ ಅಪ್ಪಯ್ಯನೂ ದೋಣಿ ಹಾಕ್ತಿದ್ದದ್. ನೀವ್ ಪಾಪದ್ ಸೂರನ್ನ ಹಿಡ್ದ್ ಜೈಲಿಗ್ ಹಾಕ್ದ್ರಿ.”

ಸಭೆಯಲ್ಲಿ ನಗೆಯೆದ್ದಿತು, ಅದು ಹಂಗಿಸುವ ನಗೆಯಲ್ಲ. ಉಪಾಧ್ಯರನ್ನು ಕ್ಷಮಿಸಲು ಎಲ್ಲರೂ ಸಿದ್ಧರಿದ್ದರು. ಚೇತನಾ ವೇದಿಕೆಯ ಬಳಿ ಬಂದು ಮೆಲುದನಿಯಲ್ಲಿ ಒಂದು ದಾರಿ ಸೂಚಿಸಿದಳು: ಇದು ಕವಿಸಮಯ, ವರ್ಣನೆಗೆ ಸಲ್ಲುವ ಸ್ವಾತಂತ್ರ್ಯವೆಂದು ಮುನ್ನುಡಿಗೆ ಎರಡು ಸಾಲು ಸೇರಿಸಿದರೆ ಸಾಕು, ಸೋಮವಾರ ತಪ್ಪುವುದಿಲ್ಲ.

ಉಪಾಧ್ಯರು ಹಸ್ತಪ್ರತಿಯಲ್ಲಿ ಹೊಳೆಯ ವರ್ಣನೆಯ ಪುಟವನ್ನು ಮತ್ತೆ ತೆರೆದರು. ಅವರು ಹೊಳೆಯನ್ನು ಕಂಡದ್ದು ಬಸ್ಸಿನ ಕಿಟಕಿಯಿಂದ, ಸೇತುವೆ ದಾಟುವಷ್ಟು ಹೊತ್ತು. ತಿಥಿಯನ್ನು ಪಂಚಾಂಗ ನೋಡಿ ಗುಣಿಸಿದ್ದರು. ಚಂದ್ರೋದಯವನ್ನು ಘಳಿಗೆ ತಪ್ಪದಂತೆ ಇಟ್ಟಿದ್ದರು. ನೀರನ್ನು ಮಾತ್ರ ಕಾವ್ಯದಿಂದ ತಂದಿದ್ದರು. ಸೂರನೇ ಹಂತಕನೆಂಬ ಅವರ ಅನುಮಾನಕ್ಕೆ ತುಂಬಿದ ಹೊಳೆಯೇ ಹೇತು, ಎಂದರೆ ಆಧಾರ. ಹೇತುವೇ ಇಲ್ಲವಾದ ಮೇಲೆ ಹಂತಕನೆಲ್ಲಿ?

“ಕಾವ್ಯದಲ್ಲಿ ಸಮುದ್ರ ಉಕ್ಕಿದರೆ ಯಾರಿಗೂ ಶಿಕ್ಷೆಯಾಗುವುದಿಲ್ಲ, ಚೇತನಾ,” ಎಂದರು, ಎಲ್ಲರಿಗೂ ಕೇಳುವಂತೆ. “ಇಲ್ಲಿ, ನನ್ನ ಕೊನೆಯ ಅಧ್ಯಾಯದಲ್ಲಿ, ಸೂರನಿಗೆ ಆಗಿದೆ. ಕಣ್ಣಿಂದ ಕಂಡವಳು ಅಲ್ಲವೆಂದ ಮೇಲೆ ನನ್ನ ಶಾಸ್ತ್ರವೇ ನನ್ನನ್ನು ತಡೆಯುತ್ತದೆ. ಪುಸ್ತಕ ಸೋಮವಾರ ಹೋಗುವುದಿಲ್ಲ.”

ಬಳಿಕ ಕೊನೆಯ ಅಧ್ಯಾಯವನ್ನು ಓದದೆಯೇ ಮಡಿಚಿ, ಬಾಗಿಲ ಕಡೆಗೆ ನೋಡಿ, ವೇದಿಕೆಯ ಕನ್ನಡವನ್ನು ಬಿಟ್ಟು ಕೇಳಿದರು: “ಜಲಜಾ, ಬಪ್ಪು ಹುಣ್ಮಿಗೆ ನಾನ್ ಹಂಗಾರಕಟ್ಟೆಗ್ ಬತ್ತೆ. ನಂಗ್ ತೋರ್ಸ್ತ್ಯಾ?”

“ಪಂಚೆ ಎತ್ತಿ ಕಟ್ಟುಕ್ ಗೊತ್ತಿದ್ರೆ ಬನ್ನಿ,” ಎಂದಳು ಜಲಜ.

ಬ್ರಹ್ಮಾವರದ ಬಿಡುಗಡೆಯನ್ನು ಚೇತನಾ ಮುಂದೂಡಿದಳು. ಆಮಂತ್ರಣ ತಲುಪಿದವರಿಗೆಲ್ಲ ಉಪಾಧ್ಯರೇ ಫೋನು ಮಾಡಿ, ಮುಚ್ಚುಮರೆಯಿಲ್ಲದೆ ಕಾರಣವನ್ನು ಹೇಳಿದರು. ಹೇಳಿದಂತೆಲ್ಲ ಅವರ ಧ್ವನಿ ಸ್ಥಿರವಾಗುತ್ತ ಬಂತು.

ಹುಣ್ಣಿಮೆಯ ಸಂಜೆ ಅವರು ಹಂಗಾರಕಟ್ಟೆಯ ದಡದಲ್ಲಿ ನಿಂತಾಗ ದೋಣಿಗಳು ಕೆಸರಿನಲ್ಲಿ ಓರೆಯಾಗಿ ಮಲಗಿದ್ದವು. ಬುಟ್ಟಿ ಹಿಡಿದ ಹೆಂಗಸರು ಹೊಳೆಯ ನಡುವೆಯೇ ಬಗ್ಗಿ ಚಿಪ್ಪು ಹೆಕ್ಕುತ್ತಿದ್ದರು. ಉಪಾಧ್ಯರು ಪಂಚೆಯನ್ನೆತ್ತಿ ಕಟ್ಟಿ, ಜಲಜಳ ಹಿಂದೆ, ಅವಳು ಕಾಲಿಟ್ಟಲ್ಲೇ ಕಾಲಿಡುತ್ತ, ಕುದ್ರಿನವರೆಗೆ ನಡೆದು ಮರಳಿದರು. ದಾರಿಯಲ್ಲಿ ಸೂರ್ಯಾಸ್ತವಾಯಿತು. ನೀರಿನಲ್ಲಿಯೇ ನಿಂತು ಸಂಧ್ಯೆಯ ಅರ್ಘ್ಯವನ್ನು ಕೊಟ್ಟರು. ಮೂಡಣದಲ್ಲಿ ತೆಂಗುಗಳ ಮೇಲೆ ಚಂದ್ರನೆದ್ದಾಗ ನೀರು ಅವರ ಮೀನಖಂಡದ ಮೇಲಕ್ಕೆ ಬೆರಳಗಲವೂ ಏರಲಿಲ್ಲ. ದಡ ಸೇರಿ ತಿರುಗಿ ನೋಡಿದರೆ ಇಬ್ಬರ ಹೆಜ್ಜೆಗಳೂ ಕೆಸರಿನಲ್ಲಿ ಅಚ್ಚೊತ್ತಿದ್ದವು. ಉಪಾಧ್ಯರು ಅವನ್ನು ಬಹಳ ಹೊತ್ತು ನೋಡಿದರು.

ಮರುತಿಂಗಳ ಗೋಷ್ಠಿಯಲ್ಲಿ ಅವರು ಓದಿದ್ದು ಆ ಹೆಜ್ಜೆಗಳನ್ನೇ. ಮಧ್ಯರಾತ್ರಿಯ ಭರತವು ಅಳಿಸುವ ಮೊದಲೇ ಕುದ್ರಿನಿಂದ ದಡಕ್ಕೆ ಬಂದ ಬೂಟಿನ ಸಾಲನ್ನು ಚಿಪ್ಪು ಹೆಕ್ಕುವ ಹೆಂಗಸೊಬ್ಬಳು ಕಂಡಿದ್ದಳು. ಸೂರನೆಂದೂ ಬೂಟು ತೊಟ್ಟವನಲ್ಲ. ರತನ್ ಸಿಕ್ಕಿಬಿದ್ದ, ಸೂರ ಮನೆಗೆ ನಡೆದ. ಚಪ್ಪಾಳೆ ನಿಂತ ಮೇಲೆ ಉಪಾಧ್ಯರು, ದೋಷವಿದ್ದರೆ ಹೇಳಬಹುದೆಂದು ಮೊದಲಿನ ಗಟ್ಟಿ ಧ್ವನಿಯಲ್ಲೇ ಕೇಳಿ, ನೇರವಾಗಿ ಬಾಗಿಲ ಕಡೆಗೆ ನೋಡಿದರು.

ಜಲಜ ಎದ್ದಳು. “ನೀರಿನ್ ಲೆಕ್ಕ ಎಲ್ಲ ಸಮ ಇತ್ತ್, ಮಾಷ್ಟ್ರೇ. ಆರೆ ಜಪ್ತಿ ಮಾಡಿದ್ ದೋಣಿ ಅವ್ನಿಗೆ ವಾಪಾಸ್ ಸಿಕ್ತಾ?”

ಉಪಾಧ್ಯರು ಕೊನೆಯ ಹಾಳೆಯನ್ನು ತಿರುವಿ ನೋಡಿದರು. ಜೇಬಿನಿಂದ ಪೆನ್ನು ತೆಗೆದು, ನಿಂತಲ್ಲೇ ಒಂದು ವಾಕ್ಯ ಬರೆದು, ಹಸ್ತಪ್ರತಿಯನ್ನು ಚೇತನಾಳ ಕೈಗಿತ್ತರು.